ಟ್ರಾನ್ಸ್‌ಕ್ರಿಪ್ಷನ್ ಸರ್ವಿಸ್: ಟೈಮಿಗೆ ಮುಂಚೆ ಕೊಟ್ರು, ಮೌನ ಎಲ್ಲಾ ಕತ್ತರಿಸಿ ಕೊಟ್ರು

ಮೊದ್ಲೇ ಹೇಳ್ಬಿಡ್ತೀನಿ, 5ಕ್ಕೆ ಎರಡೂವರೆ ಸ್ಟಾರ್. ಹೆಸರು ಹಾಕ್ತಿಲ್ಲ, ಈ ತಕರಾರು ಇವ್ರೊಬ್ರದ್ದೇ ಇರ್ಲಿಕ್ಕಿಲ್ಲ.

ನಾನು ಮಾಡೋದು ಆರೋಗ್ಯ ಮತ್ತು ಅನಾರೋಗ್ಯದ ಸಮಾಜಶಾಸ್ತ್ರ. (ಹೆಸರಿನ ಹಿಂದೆ ಡಾ. ಇದೆ ಅಂತ ಮಾತ್ರೆ ಕೇಳೋರಿದ್ದಾರೆ, ಅದು ಬೇರೆ ಕಥೆ.) ವರ್ಷಗಟ್ಲೆ ಕಾಯಿಲೆ ಜೊತೆ ಬದುಕೋರನ್ನ ಮಾತಾಡ್ಸಿ, ರೆಕಾರ್ಡ್ ಮಾಡ್ಕೊಂಡು, ಅದನ್ನ ಪದ ಬಿಡದೆ ಟೈಪ್ ಮಾಡಿ ಆಮೇಲೆ ಪೇಪರ್ ಬರೀಬೇಕು, ಪ್ರಮೋಷನ್‌ಗೆ ಎಣ್ಸೋದು ಪೇಪರ್‌ನ, ಟೈಪ್ ಮಾಡಿದ ರಾತ್ರಿಗಳನ್ನ ಯಾರೂ ಎಣ್ಸಲ್ಲ. ಪಿಎಚ್‌ಡಿಲಿ ಎಲ್ಲಾ ನಾನೇ ಮಾಡ್ತಿದ್ದೆ, ಒಂದು ಗಂಟೆ ಆಡಿಯೋಗೆ ಆರು ಗಂಟೆ ಹೋಗೋದು. ಈಗ ಪಾಠ, ವ್ಯಾಲ್ಯುಯೇಷನ್, ಮೀಟಿಂಗ್ ಮಧ್ಯೆ ಅಷ್ಟು ಪುರ್ಸೊತ್ತು ಎಲ್ಲಿಂದ ತರೋದು, ಅದಕ್ಕೇ ಸಂಧಿವಾತದವರ 22 ಇಂಟರ್‌ವ್ಯೂ ಇವ್ರ ಕೈಗೆ ಕೊಟ್ಟೆ.

ಒಳ್ಳೇದು ಮೊದ್ಲು. ಗೌಪ್ಯತೆ ಒಪ್ಪಂದಕ್ಕೆ ಸಹಿ ಹಾಕೋಕೆ ತಕರಾರು ಮಾಡ್ಲಿಲ್ಲ, ಎಥಿಕ್ಸ್ ಕಮಿಟಿ ಕೇಳಿದ ಹಾಗೆ ಹೆಸರುಗಳ ಜಾಗಕ್ಕೆ ಕೋಡ್ ಹಾಕಿದ್ರು, ಹೇಳಿದ ದಿನಕ್ಕಿಂತ ಮುಂಚೆನೇ ಫೈಲ್ ಬಂತು. ಮೆಥೊಟ್ರೆಕ್ಸೇಟ್ (ಸಂಧಿವಾತಕ್ಕೆ ಕೊಡೋ ಒಂದು ಔಷಧಿ) ಅಂತ ಗೊಣಗಿದ್ದನ್ನೂ ಸರಿಯಾಗಿ ಹಿಡಿದಿದ್ರು, ಖುಷಿ ಆಯ್ತು.

ಆಮೇಲೆ ಆಡಿಯೋ ಹಾಕ್ಕೊಂಡು ಚೆಕ್ ಮಾಡೋಕೆ ಕೂತೆ ನೋಡಿ. ಒಬ್ಬ ಹೆಂಗಸು ಹೇಳಿದ್ದು: "ನಾನು ಮೊದ್ಲು... ಅಂದ್ರೆ... ನಡೀತಿದ್ದೆ, ಹ್ಞೂಂ, ತುಂಬಾ ನಡೀತಿದ್ದೆ." 'ಮೊದ್ಲು' ಆದ್ಮೇಲೆ ನಾಲ್ಕು ಸೆಕೆಂಡ್ ಸುಮ್ನಿದ್ರು. ಫೈಲಲ್ಲಿ ಇರೋದು: "ನಾನು ಮೊದಲು ಬಹಳ ನಡೆಯುತ್ತಿದ್ದೆ." ಅಷ್ಟೇ! ಗ್ರಂಥಭಾಷೆ ಮಾಡಿ ಇಸ್ತ್ರಿ ಹಾಕಿ ಕೊಟ್ಟಿದ್ದಾರೆ. ಸಮಾಜಶಾಸ್ತ್ರಜ್ಞ ಮೈಕೆಲ್ ಬ್ಯೂರಿ 1982ರಲ್ಲಿ ಇದೇ ಸಂಧಿವಾತದವರನ್ನ ಮಾತಾಡ್ಸಿ, ದೀರ್ಘ ಕಾಯಿಲೆ ಬಂದಾಗ ಮನುಷ್ಯ ತನ್ನ ಬಗ್ಗೆ ಕಟ್ಕೊಂಡಿದ್ದ ಜೀವನಕಥೆನೇ ಮುರಿದುಬೀಳುತ್ತೆ ಅಂದಿದ್ರು. ಆ ಮುರಿದ ಜಾಗ ನನಗೆ ಕೇಳ್ಸೋದೇ ಇಂಥ ನಾಲ್ಕು ಸೆಕೆಂಡಲ್ಲಿ, ಅದನ್ನೇ ಕತ್ತರಿಸಿ ಬಿಸಾಕಿದ್ರೆ ನಾನು ಪೇಪರಲ್ಲಿ ಏನು ಬರೀಲಿ?

ಇನ್ನೊಂದು. ಡಾಕ್ಟರ್ ರೂಮಲ್ಲೇ, ಇಬ್ರ ಒಪ್ಪಿಗೆ ತಗೊಂಡು ಮಾಡಿದ ನಾಲ್ಕು ರೆಕಾರ್ಡಿಂಗೂ ಕೊಟ್ಟಿದ್ದೆ. ರೋಗಿ ಮಾತಿನ ಮೇಲೆ ಡಾಕ್ಟರ್ ಮಾತು ಹತ್ತೋ ಕಡೆಯೆಲ್ಲ ಇವ್ರು ನೀಟಾಗಿ ಒಬ್ರಾದ್ಮೇಲೆ ಒಬ್ರು ಮಾತಾಡಿದ ಹಾಗೆ ಜೋಡ್ಸಿದ್ದಾರೆ, ನಾಟಕದ ಸ್ಕ್ರಿಪ್ಟ್ ಥರ. ಬೆಕ್‌ಮನ್ ಮತ್ತು ಫ್ರಾಂಕೆಲ್ ಅನ್ನೋ ಸಂಶೋಧಕರು 1984ರಲ್ಲಿ 74 ಭೇಟಿಗಳ ರೆಕಾರ್ಡಿಂಗ್ ನೋಡಿ, ರೋಗಿ ಮಾತು ಶುರು ಮಾಡಿದ ಸರಾಸರಿ 18 ಸೆಕೆಂಡಿಗೆ ಡಾಕ್ಟರ್ ಬಾಯಿ ಹಾಕ್ತಾರೆ, 23% ಭೇಟಿಗಳಲ್ಲಿ ಮಾತ್ರ ರೋಗಿಗೆ ಹೇಳೋದನ್ನ ಹೇಳಿ ಮುಗಿಸೋಕೆ ಆಯ್ತು ಅಂತ ತೋರ್ಸಿದ್ರು. ಅವ್ರ ಟೇಪ್ ಇವ್ರ ಕೈಗೆ ಸಿಕ್ಕಿದ್ರೆ ಆ ಅಧ್ಯಯನನೇ ಆಗ್ತಿರ್ಲಿಲ್ಲ, ಎಲ್ಲಾ ಡಾಕ್ಟರೂ ಸಾಧುಗಳಾಗಿ ಕಾಣ್ತಿದ್ರು.

ಫಾರಂನಲ್ಲಿ 'ಕ್ಲೀನ್' (ತಿದ್ದಿ ನೀಟ್ ಮಾಡಿದ್ದು), 'ವರ್ಬೇಟಿಮ್' (ಆಡಿದ್ದು ಆಡಿದ ಹಾಗೇ) ಅಂತ ಎರಡಿತ್ತು, ನಾನು ಟಿಕ್ ಮಾಡಿದ್ದು ಎರಡನೇದು. ಕೇಳಿದ್ರೆ, ಓದೋಕೆ ಅನುಕೂಲ ಆಗ್ಲಿ ಅಂತ ಅನಗತ್ಯ ಶಬ್ದ ತೆಗ್ದಿದ್ದೀವಿ ಅಂತ ಉತ್ತರ. ಮಾತುಕತೆಗಳನ್ನೇ ಅಧ್ಯಯನ ಮಾಡಿದ ಗೇಲ್ ಜೆಫರ್ಸನ್ ಇದಕ್ಕೇ ರೂಪಿಸಿದ ಗುರುತುಗಳಿವೆ, ಮೌನ ಎಷ್ಟು ಸೆಕೆಂಡ್ ಅಂತ ಬ್ರಾಕೆಟಲ್ಲಿ, ಮಾತಿನ ಮೇಲೆ ಮಾತು ಬಂದ್ರೆ ಚೌಕ ಬ್ರಾಕೆಟ್, ಒಂದು ಪುಟ ಬರ್ದು ಸ್ಯಾಂಪಲ್ ಕಳ್ಸಿದೆ. ಪಾಪ, ಜಗಳ ಆಡ್ದೆ ಫ್ರೀಯಾಗಿ ಮತ್ತೆ ಮಾಡ್ಕೊಟ್ರು, ಅದಕ್ಕೇ ಆ ಅರ್ಧ ಸ್ಟಾರ್.

ರಿಪೋರ್ಟ್‌ಗೆ ನಾಲ್ಕು ಸಾಲು ಕೋಟ್ ಬೇಕು, ಗ್ರೂಪ್ ಮೀಟಿಂಗ್ ಸಾರಾಂಶ ಬೇಕು ಅನ್ನೋರು ಧಾರಾಳವಾಗಿ ಕೊಡಿ. ಥೀಸಿಸ್ ಮಾಡೋ ಹುಡುಗ್ರು ಮೊದ್ಲು ಹತ್ತು ನಿಮಿಷದ ಆಡಿಯೋ ಮಾತ್ರ ಕೊಟ್ಟು ನೋಡಿ, 22 ಒಟ್ಟಿಗೆ ಕೊಡೋ ನನ್ನ ದಡ್ಡತನ ಬೇಡ.

ಎರಡನೇ ಸಲದ ಫೈಲಲ್ಲಿ ಆ ಹೆಂಗಸಿನ ಇಂಟರ್‌ವ್ಯೂ ತೆಗೆದೆ. ಸೆಕೆಂಡ್ ಎಲ್ಲಾ ಬಂದಿದೆ. ಕೊನೇ ಪುಟದಲ್ಲಿ ಒಂದು ಕಡೆ (ಅಳು) ಅಂತ ಹಾಕಿದ್ರು, ನನಗೆ ಅವ್ರು ಅತ್ತಿದ್ದು ನೆನಪೇ ಇಲ್ಲ, ಹಾಗಾಗಿ ಆಡಿಯೋ ಹಿಂದಕ್ಕೆ ತಿರುಗ್ಸಿ ಮೂರು ಸಲ ಕೇಳ್ದೆ. "ಈಗ ಬಾಟ್ಲಿ ಮುಚ್ಚಳ ತೆಗ್ಯೋಕೂ ಮಗಳೇ ಬರ್ಬೇಕು" ಅಂತ ಹೇಳಿ ನಕ್ಕಿದ್ರು.