ದೆಹಲಿಯಲ್ಲಿ ಎಲ್ಲಿ ಉಳಿಯೋದು: ಪಹಾಡ್‌ಗಂಜ್, ಮಹಿಪಾಲ್‌ಪುರ, ಕರೋಲ್ ಬಾಗ್

ಮೂರು ಸಲ ದೆಹಲಿಗೆ ಹೋಗಿ ಮೂರು ಕಡೆ ಉಳಿದಿದ್ದೇನೆ. ಮೊದಲು ಗೆಳೆಯನ ಜೊತೆ ಪಹಾಡ್‌ಗಂಜ್, ಆಮೇಲೆ ಕೆಲಸದ ಮೇಲೆ ಮಹಿಪಾಲ್‌ಪುರ, ಹೋದ ಜನವರಿಯಲ್ಲಿ ಅಪ್ಪ ಅಮ್ಮನನ್ನು ಕರೆದುಕೊಂಡು ಕರೋಲ್ ಬಾಗ್. ಅಮ್ಮನಿಗೆ ಮಂಡಿನೋವು. ಅವರ ಜೊತೆ ತಿರುಗಾಡಿದ ಮೇಲೆ, ರೂಮಿನ ಫೋಟೋ ನೋಡುವ ಮುಂಚೆ ಮೆಟ್ರೋ ನಕ್ಷೆ ನೋಡುವ ಅಭ್ಯಾಸವಾಗಿದೆ.

ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ ಕಳೆದು ನವದೆಹಲಿಯಲ್ಲಿ ಇಳಿದವರಿಗೆ ಪಹಾಡ್‌ಗಂಜ್ ಹತ್ತಿರ, ಅಗ್ಗ. ಒಂದನೇ ಪ್ಲಾಟ್‌ಫಾರಂ ಕಡೆಯಿಂದ ಹೊರಬಿದ್ದರೆ ಎದುರಿಗೇ ಮೇನ್ ಬಜಾರ್. ನಮಗೆ ದಿನಕ್ಕೆ 1,100 ರೂಪಾಯಿಗೆ ರೂಮು ಸಿಕ್ಕಿತು. ಆದರೆ ಕಿಟಕಿ ತೆರೆದರೆ ಕಟ್ಟಡದ ಒಳಗಿನ ಗೋಡೆ. ಬೆಳಗಾಗಿದ್ದು ಗಡಿಯಾರ ನೋಡಿಯೇ ಗೊತ್ತಾಗಬೇಕು. ಸ್ಟೇಷನ್ ಹೊರಗೆ ಒಬ್ಬ, 'ನಿಮ್ಮ ಹೋಟೆಲ್ ಮುಚ್ಚಿದೆ, ಬೇರೆ ಕಡೆ ಬಿಡ್ತೀನಿ' ಅಂತ ಗಂಟುಬಿದ್ದ. ಹೋಟೆಲಿಗೆ ಫೋನ್ ಮಾಡಿದರೆ ತೆರೆದೇ ಇತ್ತು. ಯಾರು ಏನೇ ಹೇಳಲಿ, ನೀವೇ ಫೋನ್ ಮಾಡಿ ಕೇಳಿ. ಇನ್ನೊಂದು ವಿಷಯ: ನವದೆಹಲಿ ಮೆಟ್ರೋ, ಏರ್‌ಪೋರ್ಟ್ ಎಕ್ಸ್‌ಪ್ರೆಸ್ ಎರಡೂ ಇರುವುದು ಸ್ಟೇಷನ್ನಿನ ಆಚೆ ಬದಿಗೆ, ಅಜ್ಮೇರಿ ಗೇಟ್ ಕಡೆ. ಸೂಟ್‌ಕೇಸ್ ಹೊತ್ತು ಮೇಲ್ಸೇತುವೆ ದಾಟಬೇಕು. ಹಾಗಾಗಿ ಉಳಿಯುವುದಾದರೆ ಬಜಾರಿನ ಇನ್ನೊಂದು ತುದಿಯಲ್ಲಿ, ರಾಮಕೃಷ್ಣ ಆಶ್ರಮ ಮಾರ್ಗ ಮೆಟ್ರೋ ಹತ್ತಿರ ರೂಮು ಹುಡುಕಿ. ಚಿಕ್ಕ ವಯಸ್ಸಿನವರಿಗೆ ಸಾಕು; ಅಪ್ಪ ಅಮ್ಮನನ್ನು ನಾನು ಅಲ್ಲಿಗೆ ಕರೆದೊಯ್ಯಲಾರೆ.

ವಿಮಾನ ನಿಲ್ದಾಣದ ಹತ್ತಿರದ ಮಹಿಪಾಲ್‌ಪುರದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬೆಳಗಿನ ಜಾವದ ವಿಮಾನವಿದ್ದರೆ ಹಿಂದಿನ ರಾತ್ರಿ ಮಲಗಲು ಒಳ್ಳೆಯದು, ಅಷ್ಟೆ. ಹೆದ್ದಾರಿಯ ಲಾರಿ ಸದ್ದು ರಾತ್ರಿಯಿಡೀ. ಊರು ನೋಡಲು ದಿನಾ ಅಲ್ಲಿಂದ ಹೊರಟರೆ ಅರ್ಧ ದಿನ ರಸ್ತೆಯಲ್ಲೇ ಹೋಗುತ್ತದೆ.

ಕರೋಲ್ ಬಾಗ್‌ನಲ್ಲಿ 2,200 ಕೊಟ್ಟೆವು, ಪಹಾಡ್‌ಗಂಜ್‌ನ ಎರಡರಷ್ಟು. ಒಂದು ರೂಪಾಯಿಯೂ ದಂಡ ಅನ್ನಿಸಲಿಲ್ಲ. ರೂಮಿನಿಂದ ಮೆಟ್ರೋಗೆ ಐದು ನಿಮಿಷದ ನಡಿಗೆ, ಸ್ಟೇಷನ್ನಿನಲ್ಲಿ ಲಿಫ್ಟ್. ನೀಲಿ ಮಾರ್ಗವಾದ್ದರಿಂದ ಅಕ್ಷರಧಾಮಕ್ಕೆ ರೈಲು ಬದಲಿಸದೆ ಹೋದೆವು. ಕೆಂಪುಕೋಟೆಗೆ ಎಲ್ಲರೂ ರಾಜೀವ್ ಚೌಕ್‌ನಲ್ಲಿ ಹಳದಿ ಮಾರ್ಗ ಹಿಡಿದು ಚಾಂದನಿ ಚೌಕ್‌ನಲ್ಲಿ ಇಳಿಯಿರಿ ಅಂದರು. ರಾಜೀವ್ ಚೌಕ್‌ನ ನೂಕುನುಗ್ಗಲಲ್ಲಿ ಅಮ್ಮನನ್ನು ಇಳಿಸಲು ನನಗೆ ಧೈರ್ಯ ಬರಲಿಲ್ಲ. ಅದನ್ನು ದಾಟಿ ಮಂಡಿ ಹೌಸ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ ಲಾಲ್ ಕಿಲಾ ಸ್ಟೇಷನ್ನಿನಲ್ಲೇ ಇಳಿದೆವು. ಸೋಮವಾರ ಕೆಂಪುಕೋಟೆಗೂ ಅಕ್ಷರಧಾಮಕ್ಕೂ ರಜೆ, ಕರೋಲ್ ಬಾಗ್ ಮಾರುಕಟ್ಟೆಗೂ ರಜೆ. ಆ ದಿನವನ್ನು ಕುತುಬ್ ಮಿನಾರ್‌ಗೆ ಇಟ್ಟುಕೊಂಡೆವು.

ಜನವರಿಯ ಚಳಿಗೆ ಗೀಸರ್, ರಜಾಯಿ ಎರಡೂ ಇದ್ದವು, ಹೀಟರ್ ಇರಲಿಲ್ಲ. ಬುಕ್ ಮಾಡುವಾಗಲೇ ಕೇಳಬೇಕಿತ್ತು. ಮೊದಲ ರಾತ್ರಿ ಅಪ್ಪ ಸ್ವೆಟರ್ ಹಾಕಿಕೊಂಡೇ ಮಲಗಿದರು. ಮರುದಿನ ಬಾಡಿಗೆಗೆ ಹೀಟರ್ ಕೊಟ್ಟರು.

ಮುಖ್ಯವಾದ ಇನ್ನೊಂದು ಮಾತು. 2019ರ ಫೆಬ್ರವರಿಯಲ್ಲಿ ಇದೇ ಕರೋಲ್ ಬಾಗ್‌ನ ಹೋಟೆಲೊಂದಕ್ಕೆ ಬೆಂಕಿ ಬಿದ್ದು 17 ಜನ ತೀರಿಕೊಂಡರು. ನಾನು ಸಾಮಾನು ಇಳಿಸುವ ಮುಂಚೆ ಮೆಟ್ಟಿಲು ಎಲ್ಲಿದೆ, ಹೊರಹೋಗಲು ಎರಡನೇ ದಾರಿ ಇದೆಯೇ ಅಂತ ನೋಡಿದೆ. ಮೊದಲು ತೋರಿಸಿದ ಐದನೇ ಮಹಡಿಯ ರೂಮು ಬೇಡವೆಂದು ಎರಡನೇ ಮಹಡಿಯಲ್ಲಿ ಕೇಳಿ ಪಡೆದೆ. ಹಾಗೆ ಕೇಳಲು ಸಂಕೋಚ ಬೇಡ.

ಊಟದ ವಿಷಯದಲ್ಲಿ ಮಾತ್ರ ಕರೋಲ್ ಬಾಗ್ ಅಮ್ಮನಿಗೆ ಒಗ್ಗಲಿಲ್ಲ. ಮೂರು ದಿನ ರೋಟಿ, ಛೋಲೆ ತಿಂದು 'ಅನ್ನ ಸಾರು ಸಿಗೋ ಕಡೆ ಕರ್ಕೊಂಡು ಹೋಗಪ್ಪ' ಅಂದರು. ಆರ್.ಕೆ. ಪುರಂನಲ್ಲಿ ದೆಹಲಿ ಕರ್ನಾಟಕ ಸಂಘವಿದೆ. ನೀಲಿ ಮಾರ್ಗದಲ್ಲಿ ರಾಜೌರಿ ಗಾರ್ಡನ್‌ಗೆ ಹೋಗಿ ಅಲ್ಲಿ ಗುಲಾಬಿ ಮಾರ್ಗ ಹಿಡಿದು ಮೋತಿ ಬಾಗ್‌ನಲ್ಲಿ ಇಳಿದೆವು. ಆ ಸ್ಟೇಷನ್ನಿಗೆ ಸರ್ ವಿಶ್ವೇಶ್ವರಯ್ಯ ಅವರ ಹೆಸರಿದೆ. ಫಲಕದ ಮುಂದೆ ಅಪ್ಪ ನಿಂತು ಫೋಟೋ ತೆಗೆಸಿಕೊಂಡರು. ಆಮೇಲೆ ಆಟೋ ಹತ್ತಿ ಊಟಕ್ಕೆ ಹೋದೆವು.