ಬಂಗಾರದ ಸಾಲ: ಬ್ಯಾಂಕು, ಫೈನಾನ್ಸು, ಗಿರವಿ ಅಂಗಡಿ – ಭತ್ತದ ಸೀಮೆಗೆ ಯಾವುದು ತಾಳುತ್ತದೆ?

ಸಿಂಧನೂರು, ಕಾರಟಗಿ, ಗಂಗಾವತಿ ಕಡೆ ನಾಟಿ ಶುರುವಾಗುವ ಜುಲೈ-ಆಗಸ್ಟ್‌ನಲ್ಲಿ ಬಂಗಾರ ಇಡುವವರ ಸಾಲು ಬೆಳೆಯುತ್ತದೆ. ಗೊಬ್ಬರ, ಹೊಡೆಯುವ ಎಣ್ಣೆ (ಕೀಟನಾಶಕ), ನಾಟಿ ಕೂಲಿ ಎಲ್ಲಾ ಒಟ್ಟಿಗೇ ಬರುವ ಖರ್ಚು. ಭತ್ತದ ದುಡ್ಡು ಕೈ ಸೇರುವುದು ಡಿಸೆಂಬರ್ ಹೊತ್ತಿಗೆ. ನಡುವಿನ ಈ ಐದಾರು ತಿಂಗಳನ್ನು ಯಾರು ಅಗ್ಗದಲ್ಲಿ ದಾಟಿಸುತ್ತಾರೆ, ಒಡವೆಯನ್ನು ಯಾರು ಸುರಕ್ಷಿತವಾಗಿ ವಾಪಸ್ ಕೊಡುತ್ತಾರೆ ಅನ್ನುವುದಷ್ಟೇ ಇಲ್ಲಿನ ಅಳತೆ. 'ಗ್ರಾಮಿಗೆ ನಾವೇ ಹೆಚ್ಚು ಕೊಡುತ್ತೇವೆ' ಅನ್ನುವ ಬೋರ್ಡಿಗೆ ನಾವು ಒಂದು ಅಂಕವನ್ನೂ ಕೊಟ್ಟಿಲ್ಲ. ಕಾರಣ ಮುಂದಿದೆ.

ಮೊದಲು ತೂಕ. ನಮ್ಮ ಕಡೆ ಹೆಚ್ಚಾಗಿ ಒತ್ತೆ ಬೀಳುವ ಒಡವೆ ಬೋರಮಾಳ, ಕರಿಮಣಿ ತಾಳಿಸರ. ಬೋರಮಾಳದ ಗುಂಡು ಒಳಗೆ ಟೊಳ್ಳು, ಅದರೊಳಗೆ ಅರಗು ತುಂಬಿರುತ್ತಾರೆ. ತಕ್ಕಡಿಯಲ್ಲಿ 20 ಗ್ರಾಂ ತೂಗಿದ ಸರದಲ್ಲಿ ಅರಗು, ದಾರ ಕಳೆದರೆ 17 ಗ್ರಾಂ ಉಳಿಯಬಹುದು. ಕಳೆಯುವುದು ತಪ್ಪಲ್ಲ, ಎಷ್ಟು ಕಳೆದರು ಎಂದು ಬರೆದು ಕೊಡದಿರುವುದು ತಪ್ಪು. ತೂಕ, ಒರೆ ಎರಡೂ ನಿಮ್ಮ ಕಣ್ಣೆದುರೇ ಆಗಬೇಕು. ಒಟ್ಟು ತೂಕ, ನಿವ್ವಳ ತೂಕ, ಅರಗು-ಹರಳು-ದಾರಕ್ಕೆ ಕಳೆದದ್ದು, ಎಷ್ಟು ಕ್ಯಾರೆಟ್, ಮೊದಲೇ ಇದ್ದ ಸೀಳು-ತಗ್ಗು, ಕಟ್ಟಿದ ಬೆಲೆ – ಇಷ್ಟೂ ಇರುವ ಚೀಟಿ ಕೇಳಿ ಪಡೆಯಿರಿ. ಬ್ಯಾಂಕು, ಫೈನಾನ್ಸ್ ಕಂಪನಿಗಳಿಗೆ ಆರ್‌ಬಿಐ ಇದನ್ನು ಕಡ್ಡಾಯ ಮಾಡಿದೆ. ಗಿರವಿ ಅಂಗಡಿಯಲ್ಲಿ 'ಬೋರಮಾಳ 1' ಎಂದಷ್ಟೇ ಗೀಚಿದ ರಸೀದಿ ಕೊಟ್ಟರೆ ಒಡವೆ ವಾಪಸ್ ಎತ್ತಿಕೊಂಡು ಬನ್ನಿ. ಬಿಡಿಸುವ ದಿನ ನಾಲ್ಕು ಗುಂಡು ಕಡಿಮೆ ಇದ್ದರೆ ಆ ರಸೀದಿ ಹಿಡಿದು ಏನೂ ವಾದಿಸಲಾಗದು.

ಈಗ ಗ್ರಾಮಿನ ರೇಟು. ಮನೆ ಖರ್ಚಿನ ಬಂಗಾರದ ಸಾಲಕ್ಕೆ ಆರ್‌ಬಿಐ 2025ರ ಜೂನ್‌ನಲ್ಲಿ ಹೊಸ ಮಿತಿ ಹಾಕಿ, 2026ರ ಏಪ್ರಿಲ್ 1ರೊಳಗೆ ಎಲ್ಲರೂ ಜಾರಿಗೆ ತರಬೇಕೆಂದು ಹೇಳಿತು. 2.5 ಲಕ್ಷದವರೆಗಿನ ಸಾಲಕ್ಕೆ ಬಂಗಾರದ ಬೆಲೆಯ ಶೇ. 85, ಅಲ್ಲಿಂದ 5 ಲಕ್ಷದವರೆಗೆ ಶೇ. 80, ಅದಕ್ಕೂ ಮೇಲೆ ಶೇ. 75. ಅಸಲು-ಬಡ್ಡಿ ಎರಡನ್ನೂ ಕೊನೆಗೆ ಒಟ್ಟಿಗೆ ಕಟ್ಟುವ ಸಾಲವಾದರೆ ಅವಧಿ ಮುಗಿಯುವವರೆಗಿನ ಬಡ್ಡಿಯೂ ಈ ಮಿತಿಯೊಳಗೇ ಬರಬೇಕು. ಲೆಕ್ಕ ಸುಲಭವಾಗಲಿ ಎಂದು ಗ್ರಾಮಿಗೆ 10,000 ರೂಪಾಯಿ ಅಂದುಕೊಳ್ಳಿ. 17 ಗ್ರಾಮಿಗೆ 1,70,000, ಅದರ ಶೇ. 85 ಅಂದರೆ 1,44,500. ವರ್ಷದ ಸಾಲಕ್ಕೆ ಬಡ್ಡಿ ಶೇ. 9 ಇದ್ದರೆ ಕೈಗೆ ಸಿಗಬಹುದಾದದ್ದು ಹೆಚ್ಚೆಂದರೆ ಸುಮಾರು 1,32,500. ಬಡ್ಡಿ ಶೇ. 24 ಇದ್ದರೆ ಸುಮಾರು 1,16,500 ಮಾತ್ರ. ಬಡ್ಡಿ ಏರಿದಂತೆ ಕೈಗೆ ಬರುವ ದುಡ್ಡು ಇಳಿಯುತ್ತದೆ. ಇನ್ನೊಂದು ವಿಷಯ: ಮಿತಿಯ ತುದಿಯವರೆಗೂ ಎತ್ತಿದವರಿಗೆ ಬಂಗಾರದ ಬೆಲೆ ಸ್ವಲ್ಪ ಬಿದ್ದರೂ 'ಇನ್ನಷ್ಟು ಒಡವೆ ತನ್ನಿ, ಇಲ್ಲವೇ ದುಡ್ಡು ಕಟ್ಟಿ' ಎಂಬ ಫೋನು ಬರಬಹುದು. ಬೇಕಾದಷ್ಟೇ ಎತ್ತಿ.

ಬ್ಯಾಂಕು. ಬಡ್ಡಿಯಲ್ಲಿ ಇದನ್ನು ಮೀರಿಸುವವರಿಲ್ಲ. ಶೇ. 9ರ ಲೆಕ್ಕದಲ್ಲಿ ಒಂದು ಲಕ್ಷಕ್ಕೆ ಆರು ತಿಂಗಳಿಗೆ 4,500 ರೂಪಾಯಿ. ಬಳ್ಳಾರಿಯಲ್ಲೇ ಕೇಂದ್ರ ಕಚೇರಿ ಇರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಶಾಖೆಗಳು ಹೋಬಳಿ ಮಟ್ಟದಲ್ಲೂ ಇರುವುದರಿಂದ ದೂರದ ನೆಪ ಹೇಳುವಂತಿಲ್ಲ. ತೊಂದರೆ ಬೇರೆ ಕಡೆ ಇದೆ: ಒರೆ ಹಚ್ಚುವ ಸರಾಫರು ದಿನವಿಡೀ ಕೂತಿರುವುದಿಲ್ಲ. ಅವರು ಬರುವ ಹೊತ್ತು ಫೋನಿನಲ್ಲೇ ವಿಚಾರಿಸಿಕೊಂಡು ಹೋಗಿ, ಇಲ್ಲದಿದ್ದರೆ ಒಂದು ದಿನದ ಕೂಲಿ ಹೋಯಿತು. ಆಧಾರ್, ಪ್ಯಾನ್, ಪಾಸ್‌ಬುಕ್, ಕೃಷಿ ಲೆಕ್ಕದ ಸಾಲವಾದರೆ ಪಹಣಿ ಜೊತೆಗಿರಲಿ.

ಬಂಗಾರ ಬಿಚ್ಚುವ ಮುಂಚೆ ಅದೇ ಕೌಂಟರಿನಲ್ಲಿ ಒಂದು ಪ್ರಶ್ನೆ ಕೇಳಿ: ಬೆಳೆ ಸಾಲ ಸಿಗುತ್ತದೆಯೇ? 2025ರ ಜನವರಿ 1ರಿಂದ 2 ಲಕ್ಷದವರೆಗಿನ ಕೃಷಿ ಸಾಲಕ್ಕೆ ಬ್ಯಾಂಕು ಅಡವು ಕೇಳುವಂತಿಲ್ಲ. ಊರಿನ ಸೊಸೈಟಿಯಲ್ಲಿ ಸದಸ್ಯತ್ವ ಇದ್ದರೆ ಹೊತ್ತಿಗೆ ಸರಿಯಾಗಿ ಕಟ್ಟುವವರಿಗೆ ರಾಜ್ಯ ಸರ್ಕಾರದ ಶೂನ್ಯ ಬಡ್ಡಿ ಯೋಜನೆಯೂ ಇದೆ, ಮಿತಿ 5 ಲಕ್ಷ. ಎಲ್ಲರಿಗೂ ಸಿಗುತ್ತದೆ ಅಂತಲ್ಲ. ಕೇಳದೆ ಬಂಗಾರ ಇಡುವುದು ಮಾತ್ರ ದಡ್ಡತನ.

ಫೈನಾನ್ಸ್ ಕಂಪನಿ. ವೇಗಕ್ಕೆ ಪೂರ್ತಿ ಅಂಕ. ಚಹಾ ಕುಡಿದು ಮುಗಿಸುವಷ್ಟರಲ್ಲಿ ಸಾಲ ಪಾಸಾಗುತ್ತದೆ. 20,000ಕ್ಕಿಂತ ಹೆಚ್ಚಿನದನ್ನು ನಗದಾಗಿ ಕೊಡುವುದಿಲ್ಲ, ಖಾತೆಗೆ ಹಾಕುತ್ತಾರೆ. ಜನ ಎಡವುವುದು ಸ್ಕೀಮಿನ ಬಡ್ಡಿಯಲ್ಲಿ. ಬೋರ್ಡಿನ ಮೇಲೆ 'ತಿಂಗಳಿಗೆ 1 ರೂಪಾಯಿ' (ನೂರಕ್ಕೆ) ಇರುತ್ತದೆ. ಅದು 30 ದಿನದೊಳಗೆ ತಪ್ಪದೆ ಬಡ್ಡಿ ಕಟ್ಟುವವರಿಗೆ. ತಪ್ಪಿದರೆ ರಿಯಾಯಿತಿ ಹೋಗಿ ಬಡ್ಡಿ ಮೇಲಿನ ಮೆಟ್ಟಿಲಿಗೆ ಏರುತ್ತದೆ, ಅದು ವರ್ಷಕ್ಕೆ ಶೇ. 24 ಇರಬಹುದು. ಒಂದು ಲಕ್ಷಕ್ಕೆ ಆರು ತಿಂಗಳು ತಪ್ಪದೆ ಕಟ್ಟಿದವರಿಗೆ 6,000, ಕೊನೆಗೆ ಒಟ್ಟಿಗೆ ಕಟ್ಟಿದವರಿಗೆ 12,000. ತಿಂಗಳ ಸಂಬಳದವರಿಗೆ ಈ ಸ್ಕೀಮು ಪರವಾಗಿಲ್ಲ. ಸುಗ್ಗಿಗೊಮ್ಮೆ ದುಡ್ಡು ಕಾಣುವ ರೈತರಿಗೆ ಇದು ಹೇಳಿ ಮಾಡಿಸಿದ ಬಲೆ. ಸಹಿ ಹಾಕುವ ಮೊದಲು 'ಪ್ರಮುಖ ಅಂಶಗಳ ಹೇಳಿಕೆ' ಎಂಬ ಹಾಳೆ ಕೇಳಿ, ಅದರಲ್ಲಿ ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ದರ ಇರುತ್ತದೆ. ಆ ಒಂದು ಅಂಕಿ ಸಾಕು. ಓದಲು ಬಾರದವರಿಗೆ ಕಂಪನಿಯ ನೌಕರನಲ್ಲದ ಸಾಕ್ಷಿಯ ಎದುರು ಷರತ್ತುಗಳನ್ನು ವಿವರಿಸಬೇಕೆಂಬ ನಿಯಮವೂ ಇದೆ.

ಗಿರವಿ ಅಂಗಡಿ. ರಾತ್ರಿ ಒಂಬತ್ತಕ್ಕೂ ಬಾಗಿಲು ತೆರೆಯುತ್ತದೆ, ಗುರುತಿನವರಾದರೆ ಕಾಗದ ಕೇಳುವುದಿಲ್ಲ, ಆಸ್ಪತ್ರೆಯ ಹೊತ್ತಿನಲ್ಲಿ ಅದೇ ದೊಡ್ಡದು. ಬೆಲೆ ಮಾತ್ರ ದುಬಾರಿ: ತಿಂಗಳಿಗೆ ನೂರಕ್ಕೆ ಎರಡರಂತೆ ಅಂದರೆ ವರ್ಷಕ್ಕೆ ಶೇ. 24, ಮೂರರಂತೆ ಅಂದರೆ 36. ರಾಜ್ಯದ ಲೇವಾದೇವಿ ಕಾಯ್ದೆಯಡಿ ಅಡವು ಇರುವ ಸಾಲಕ್ಕೆ ಮಿತಿ ವರ್ಷಕ್ಕೆ ಶೇ. 14. ಅಂಗಡಿಯಲ್ಲಿ ಸಹಕಾರ ಇಲಾಖೆಯ ಲೈಸೆನ್ಸ್ ತೂಗು ಹಾಕಿದ್ದಾರೆಯೇ ನೋಡಿ. ಇನ್ನೊಂದು ಅಪಾಯ: ಸಣ್ಣ ಅಂಗಡಿಯವರು ನಿಮ್ಮ ಒಡವೆಯನ್ನು ಇನ್ನೊಂದು ಕಡೆ ಮರು ಒತ್ತೆ ಇಟ್ಟಿರಬಹುದು. ಬಿಡಿಸಲು ಹೋದಾಗ 'ನಾಳೆ ಬನ್ನಿ' ಅನ್ನುವುದು ಎರಡನೇ ಸಲವೂ ಕೇಳಿಸಿದರೆ ಅನುಮಾನ ಪಡಿ.

ವಾಪಸಾತಿಯಲ್ಲಿ ಬ್ಯಾಂಕು-ಫೈನಾನ್ಸ್‌ಗಳ ಮೇಲೆ ಹಿಡಿತ ಗಟ್ಟಿ. ಪೂರ್ತಿ ಕಟ್ಟಿದ ಮೇಲೆ ಹೆಚ್ಚೆಂದರೆ 7 ಕೆಲಸದ ದಿನಗಳಲ್ಲಿ ಒಡವೆ ಕೊಡಬೇಕು, ಅವರ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಹರಾಜಾದರೆ ಮೀಸಲು ಬೆಲೆ (ಅದಕ್ಕಿಂತ ಕೆಳಗೆ ಮಾರಬಾರದ ಬೆಲೆ) ಅಂದಿನ ಮೌಲ್ಯದ ಶೇ. 90ಕ್ಕಿಂತ ಕಡಿಮೆ ಇರುವಂತಿಲ್ಲ. ಎರಡು ಸಲ ಹರಾಜು ಕೂಗಿಯೂ ಹೋಗದಿದ್ದರೆ ಮಾತ್ರ 85. ಸಾಲ ಕಳೆದು ಮಿಕ್ಕ ದುಡ್ಡು ನಿಮ್ಮದೇ. ಇದನ್ನು ಕೇಳಿ ಪಡೆಯುವುದಿದೆ ಎಂದೇ ಎಷ್ಟೋ ಜನರಿಗೆ ಗೊತ್ತಿಲ್ಲ.

ಹರಾಜು ಗೊತ್ತಾಗದೆ ಹೋಗುವುದು ಹೆಚ್ಚಾಗಿ ಗುಳೆ ಹೋದ ಮನೆಗಳಲ್ಲಿ. ದೇವದುರ್ಗ, ಲಿಂಗಸುಗೂರು ಕಡೆಯಿಂದ ಬೆಂಗಳೂರಿಗೆ ಕಟ್ಟಡ ಕೆಲಸಕ್ಕೆ ಹೋದವರ ನೋಟಿಸು ಊರಿನ ಬೀಗ ಹಾಕಿದ ಬಾಗಿಲಿಗೆ ಬರುತ್ತದೆ, ಸಿಮ್ ಬದಲಾಗಿರುತ್ತದೆ. ಹೊರಡುವ ಮೊದಲು ಶಾಖೆಗೆ ಹೋಗಿ ಚಾಲ್ತಿಯಲ್ಲಿರುವ ಫೋನ್ ನಂಬರ್ ಬರೆಸಿ, ಊರಲ್ಲಿರುವ ಒಬ್ಬರ ನಂಬರನ್ನೂ ಕೊಡಿ.

ಗಡುವನ್ನು ಸುಗ್ಗಿ ಮುಗಿದು ಒಂದೂವರೆ ತಿಂಗಳ ಆಚೆಗೆ ಹಾಕಿಸಿ, ಮಿಲ್ಲಿನ ದುಡ್ಡು ಕೊಯ್ಲಿನ ದಿನವೇ ಬರುವುದಿಲ್ಲ. ಎರಡನೇ ಬೆಳೆ ನಂಬಿ ಮೇ ತಿಂಗಳಿಗೆ ಗಡುವು ಹಾಕಿಸುವುದಂತೂ ಬೇಡ. ತುಂಗಭದ್ರಾ ಡ್ಯಾಮಿನ 19ನೇ ಗೇಟು 2024ರ ಆಗಸ್ಟ್‌ನಲ್ಲಿ ಕೊಚ್ಚಿಹೋದ ಮೇಲೆ ಕಾಲುವೆ ನೀರನ್ನು ಯಾರೂ ಖಾತ್ರಿ ಅನ್ನುವಂತಿಲ್ಲ. ಗಡುವಿಗೆ ಅಸಲು ಹೊಂದದಿದ್ದರೂ ಬಡ್ಡಿಯಷ್ಟನ್ನಾದರೂ ಎತ್ತಿಡಿ, ಬಾಕಿ ಬಡ್ಡಿ ಕಟ್ಟದೆ ರಿನೀವಲ್ ಇಲ್ಲ. ಒಂದು ದಿನದ ಕೈಗಡ ಕೊಟ್ಟು ಬಿಡಿಸಿ ಮತ್ತೆ ಇಡಿಸಿಕೊಡುತ್ತೇವೆ ಅನ್ನುವವರ ಕಮಿಷನ್ ಸೇರಿದರೆ ಬ್ಯಾಂಕಿನ ಅಗ್ಗವೂ ಅಗ್ಗವಾಗಿ ಉಳಿಯುವುದಿಲ್ಲ.

ದೂರು ಮೊದಲು ಶಾಖೆಗೆ, ಬರಹದಲ್ಲಿ. 30 ದಿನದಲ್ಲಿ ಸರಿಯಾದ ಉತ್ತರ ಬರದಿದ್ದರೆ ಆರ್‌ಬಿಐ ಒಂಬುಡ್ಸ್‌ಮನ್‌ಗೆ (ದೂರು ವಿಚಾರಿಸುವ ಅಧಿಕಾರಿ), ಮಾಹಿತಿಗೆ 14448. ಖರ್ಚಿಲ್ಲ. ಗಿರವಿ ಅಂಗಡಿಯ ದೂರು ಅಲ್ಲಿ ನಡೆಯುವುದಿಲ್ಲ, ಸಹಕಾರ ಇಲಾಖೆಗೆ ಹೋಗಬೇಕು.

ಅಂಕ ಕೇಳುವವರಿಗೆ: ಐದಕ್ಕೆ ಬ್ಯಾಂಕು ನಾಲ್ಕು, ಫೈನಾನ್ಸು ಎರಡೂವರೆ, ಗಿರವಿ ಅಂಗಡಿ ಒಂದು. ಎಲ್ಲಿ ಇಟ್ಟರೂ ಎಲ್ಲ ಒಡವೆಯನ್ನು ಒಂದೇ ಸಾಲಕ್ಕೆ ಕಟ್ಟಬೇಡಿ. ಸರಕ್ಕೊಂದು, ಬಳೆಗೊಂದು ಸಾಲದ ಖಾತೆ ಮಾಡಿಸಿ. ಅರ್ಧ ಬೆಳೆ ಬಂದ ವರ್ಷವೂ ಬಳೆಯನ್ನಾದರೂ ಬಿಡಿಸಿಕೊಳ್ಳಬಹುದು. ಒಂದೇ ಖಾತೆಯಾದರೆ ಪೂರ್ತಿ ಕಟ್ಟುವವರೆಗೆ ಸಾಮಾನ್ಯವಾಗಿ ಒಂದನ್ನೂ ಬಿಡುವುದಿಲ್ಲ.