ಹೊಳೆಮತ್ತಿ, ಕರಿಮತ್ತಿ ಮತ್ತು ಕಲಘಟಗಿ ರಸ್ತೆಯ ಒಂದು ನರ್ಸರಿ

ಧಾರವಾಡದಿಂದ ಕಲಘಟಗಿಗೆ ಹೋಗುವ ರಸ್ತೆಯ ಬದಿಯ ಒಂದು ಖಾಸಗಿ ನರ್ಸರಿಯಲ್ಲಿ ಈ ಮುಂಗಾರಿಗೆ ಹೊಲದ ಬದುವಿಗೆಂದು ಮತ್ತಿಯ ಸಸಿಗಳನ್ನು ಕೊಂಡೆ. ಸಸಿಗಳ ಗುಣಮಟ್ಟ ಉತ್ತಮವಾಗಿದೆ. ಚೀಲ ಸೀಳಿ ನೋಡಿದಾಗ ಬೇರು ತಳದಲ್ಲಿ ಸುರುಳಿ ಸುತ್ತಿರಲಿಲ್ಲ, ಕಾಂಡವೂ ಗಟ್ಟಿಯಾಗಿತ್ತು. ಆದರೆ ಹೊಳೆಮತ್ತಿ ಮತ್ತು ಕರಿಮತ್ತಿಗಳನ್ನು ‘ಮತ್ತಿ’ ಎಂಬ ಒಂದೇ ಫಲಕದಡಿ, ಒಂದೇ ದರಕ್ಕೆ, ಬೆರೆಸಿ ಇಟ್ಟಿರುವುದನ್ನು ಒಪ್ಪಲಾಗದು. ವಿಚಾರಿಸಿದರೆ, “ಎರಡೂ ಮತ್ತೀನ ಅದಾವ್ರಿ, ಯಾವ್ದರ ಒಯ್ರಿ” ಎಂಬ ಉತ್ತರ ಬಂತು.

ಎರಡೂ ಟರ್ಮಿನೇಲಿಯಾ ಕುಲದ ಮರಗಳು, ಎರಡರ ಕಾಯಿಗೂ ಐದು ರೆಕ್ಕೆಗಳಿವೆ ಎಂಬುದು ನಿಜ. ಆದರೂ ಹೊಳೆಮತ್ತಿ, ಅಂದರೆ ಆಯುರ್ವೇದದಲ್ಲಿ ಹೃದಯಕ್ಕೆ ಹಿತವೆಂದು ಹೆಸರಾದ ಅರ್ಜುನ, ಹಳ್ಳ-ಹೊಳೆಗಳ ದಂಡೆಯಲ್ಲಿ ತೇವ ಹಿಡಿದು ಬೆಳೆಯುವ ಮರ. ಕರಿಮತ್ತಿಯಾದರೋ ಕಲಘಟಗಿ ಕಡೆಯ ಎಲೆ ಉದುರುವ ಕಾಡಿನದು. ಬೇಸಿಗೆಯಲ್ಲಿ ಬೋಳಾಗಿ ನಿಂತು ಒಣಹವೆಯನ್ನು ತಡೆದುಕೊಳ್ಳುತ್ತದೆ, ಮನೆಯ ತೊಲೆ-ಕಂಬಗಳಿಗೆ ಒದಗುವ ಗಟ್ಟಿ ಕಟ್ಟಿಗೆಯನ್ನೂ ಕೊಡುತ್ತದೆ. ನೀರಿನ ಆಸರೆಯಿಲ್ಲದ ನನ್ನ ಬದುವಿಗೆ ಬೇಕಾಗಿದ್ದುದು ಕರಿಮತ್ತಿಯೇ. ಮರ ಆಳೆತ್ತರ ದಾಟಿ ವರ್ಷಗಳು ಕಳೆದ ಮೇಲೆ ವ್ಯತ್ಯಾಸ ತಿಳಿದರೆ ರೈತ ಮಾಡುವುದಾದರೂ ಏನು?

ಬೆಳೆದ ಮರಗಳಲ್ಲಿ ತೊಗಟೆ ನೋಡಿದರೆ ಸಾಕು. ಹೊಳೆಮತ್ತಿಯದು ನುಣುಪಾಗಿ, ಬೂದು-ಬಿಳಿ ಬಣ್ಣದಲ್ಲಿದ್ದು, ದೊಡ್ಡ ಹಕ್ಕಳೆಗಳಾಗಿ ಕಳಚುತ್ತದೆ. ಕರಿಮತ್ತಿಯದು ಕಪ್ಪಾಗಿ, ಆಳವಾಗಿ ಬಿರಿದು, ಮೊಸಳೆಯ ಚರ್ಮದಂತೆ ಚೌಕ-ಚೌಕವಾಗಿರುತ್ತದೆ. ಕಾಯಿ ಸಿಕ್ಕರೆ ರೆಕ್ಕೆಯ ಗೆರೆಗಳನ್ನು ಗಮನಿಸಬೇಕು: ಕರಿಮತ್ತಿಯ ಅಗಲ ರೆಕ್ಕೆಯಲ್ಲಿ ಅವು ನಡುವಿನಿಂದ ಅಂಚಿನವರೆಗೆ ನೇರವಾಗಿ ಅಡ್ಡಕ್ಕೆ ಸಾಗುತ್ತವೆ, ಹೊಳೆಮತ್ತಿಯ ಕಿರಿದಾದ ಬಿರುಸು ರೆಕ್ಕೆಯಲ್ಲಿ ಮೇಲ್ಮುಖವಾಗಿ ಬಾಗುತ್ತವೆ. ಸಸಿಯಲ್ಲಿ ಈ ಯಾವ ಗುರುತೂ ಇಲ್ಲದಿರುವುದರಿಂದ ಎಲೆಯನ್ನು ಮಗುಚಿ ನೋಡುವುದೇ ದಾರಿ. ಕರಿಮತ್ತಿಯ ಎಳೆಯ ಎಲೆಗೆ ನವಿರು ರೋಮವಿದ್ದು, ಹಿಂಬದಿಯ ನಡುನರದ ಮೇಲೆ ಬುಡದ ಹತ್ತಿರ ಸಣ್ಣ ಗಂಟಿನಂಥ ಗ್ರಂಥಿ ಬೆರಳಿಗೆ ತಾಗುತ್ತದೆ. ಹೊಳೆಮತ್ತಿಯಲ್ಲಿ ಅಂಥ ಗ್ರಂಥಿಗಳು ಎಲೆ ತೊಟ್ಟಿಗೆ ಸೇರುವಲ್ಲಿರುತ್ತವೆ. ಹೀಗೆ ಒಂದೊಂದೇ ಎಲೆ ಮುಟ್ಟಿ ಆರಿಸಿಕೊಳ್ಳಲು ಅಲ್ಲಿಯ ಕೆಲಸಗಾರರು ಬೇಸರಿಸದೆ ಬಿಟ್ಟರು, ಚೀಲಗಳನ್ನು ಎತ್ತಿಕೊಟ್ಟರು. ಆ ಸೌಜನ್ಯವನ್ನು ಇಲ್ಲಿ ಹೇಳಲೇಬೇಕು.

ಸಸಿಗಳಿಗಾಗಿ ಈ ನರ್ಸರಿಗೆ ಹೋಗಬಹುದೆಂದೇ ನನ್ನ ಅಭಿಪ್ರಾಯ. ಆದರೆ ಬೀಜವನ್ನು ಯಾವ ಮರದಿಂದ ತಂದರೆಂದು ಕೇಳಿ ತಿಳಿಯದೆ, ಎಲೆಯನ್ನು ಸ್ವತಃ ನೋಡದೆ, ಗಾಡಿಗೆ ಹೇರಿಸಬೇಡಿ. ಮಾಲೀಕರು ಬಿತ್ತುವಾಗಲೇ ಎರಡರ ಮಡಿಗಳನ್ನು ಬೇರೆ ಮಾಡಿ ಹೆಸರಿನ ಚೀಟಿ ಹಚ್ಚಲಿ.